ಸ್ಯಾಕ್ಸೊಫೋನಿಗೆ ತಾನಾಗಿ ಮಟ್ಟವಾಗುವ ಪ್ಯಾಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಯಾಕ್ಸೊಫೋನ್ ರಿಪೇರಿ ಮಾಡುವವರು, ಕಲಿಯುತ್ತಿರುವವರು ಮತ್ತು ತಮ್ಮ ವಾದ್ಯವನ್ನು ತಾವೇ ಬಿಚ್ಚಿ ಜೋಡಿಸುವ ವಾದಕರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಬೇರೆ ಹೇಳದ ಕಡೆಯೆಲ್ಲ ಅಳತೆಗಳು 25 ಮಿ.ಮೀ. ವ್ಯಾಸದ ಟೋನ್ ಹೋಲ್‌ಗೆ (ವಾದ್ಯದ ದೇಹದಲ್ಲಿ ಸ್ವರಕ್ಕೆಂದು ಇರುವ ತೂತು) ಸಂಬಂಧಿಸಿದ್ದು. ನಿಮ್ಮ ಕೀ ಕಪ್ (ಆ ತೂತನ್ನು ಮುಚ್ಚುವ ಪ್ಯಾಡನ್ನು ಹಿಡಿದಿರುವ ಬಟ್ಟಲು) ಅಳೆದುಕೊಂಡು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

## ಮೊದಲು ತಿಳಿಯಬೇಕಾದದ್ದು

ತಾನಾಗಿ ಮಟ್ಟವಾಗುವ ಪ್ಯಾಡ್ ಅಂದ್ರೆ ಏನು? ಮಾಮೂಲಿ ಪ್ಯಾಡಿಗೂ ಇದಕ್ಕೂ ಏನು ವ್ಯತ್ಯಾಸ?

ಮಾಮೂಲಿ ಪ್ಯಾಡ್‌ನಲ್ಲಿ ರಟ್ಟಿನ ತಳ, ಅದರ ಮೇಲೆ ಫೆಲ್ಟ್, ಅದಕ್ಕೆ ಸುತ್ತಿದ ತೆಳು ಚರ್ಮ, ನಡುವೆ ಒಂದು ರೆಸೊನೇಟರ್ (ಸ್ವರವನ್ನು ಪ್ರತಿಫಲಿಸುವ ಗಟ್ಟಿ ತಟ್ಟೆ) ಇರುತ್ತದೆ. ಅದನ್ನು ಶೆಲ್ಯಾಕ್ (ಅರಗು) ಅಥವಾ ಬಿಸಿ ಅಂಟಿನಿಂದ ಕಪ್‌ನೊಳಗೆ ಕೂರಿಸುತ್ತಾರೆ. ಅಂಟು ಗಟ್ಟಿಯಾದ ಕ್ಷಣದಲ್ಲಿ ಪ್ಯಾಡ್ ಯಾವ ಕೋನದಲ್ಲಿತ್ತೋ ಆ ಕೋನವೇ ಖಾಯಂ. ಅದು ತಪ್ಪಿದ್ದರೆ ಕಪ್ ಕಾಯಿಸಿ, ಪ್ಯಾಡ್ ಸರಿಸಿ, ಮತ್ತೆ ಆರಲು ಬಿಡಬೇಕು.

ತಾನಾಗಿ ಮಟ್ಟವಾಗುವ ಪ್ಯಾಡ್‌ನಲ್ಲಿ ಫೆಲ್ಟ್ ಮತ್ತು ಚರ್ಮ ಒಂದು ಗಟ್ಟಿ ಬಿಲ್ಲೆಯ ಮೇಲಿರುತ್ತವೆ. ಆ ಬಿಲ್ಲೆ ಕಪ್‌ನ ನಡುವಿನ ಒಂದು ದುಂಡನೆಯ ಉಬ್ಬಿನ ಮೇಲೆ ಮಾತ್ರ ಕೂತಿರುತ್ತದೆ, ಎಲ್ಲ ದಿಕ್ಕಿಗೂ ತುಸು ವಾಲಬಲ್ಲದು. ಕೀ ಒತ್ತಿದಾಗ ಟೋನ್ ಹೋಲ್‌ನ ಅಂಚಿಗೆ ಮೊದಲು ತಾಗಿದ ಬದಿಯೇ ಬಿಲ್ಲೆಯನ್ನು ವಾಲಿಸುತ್ತದೆ, ಸುತ್ತಲೂ ಅಂಚು ಸಿಗುವವರೆಗೆ. ಪಾತ್ರೆಯ ಬಾಯಿಗೆ ಕವುಚಿದ ತಟ್ಟೆ ತಾನೇ ಸರಿಯಾಗಿ ಕೂರುವ ಹಾಗೆ.

ಕೂದಲೆಳೆಯಷ್ಟು ಸಂದಿದ್ರೆ ಅಷ್ಟೊಂದು ತೊಂದರೆ ಆಗುತ್ತಾ?

ಆಗುತ್ತದೆ. ವಾದ್ಯದ ಮೇಲ್ಭಾಗದ ಒಂದು ಲೀಕ್, ಅದಕ್ಕಿಂತ ಕೆಳಗಿನ ಎಲ್ಲ ಸ್ವರಗಳನ್ನೂ ಕೆಡಿಸುತ್ತದೆ. ಕೆಳಗಿನ ಬಿ ಫ್ಲ್ಯಾಟ್ ಊದಿದರೆ ಸ್ವರ ನಡುಗುತ್ತದೆ, ಇಲ್ಲವೇ ಮೇಲಿನ ಆಕ್ಟೇವ್‌ಗೆ ಹಾರುತ್ತದೆ. ವಾದಕ ತನಗೇ ಗೊತ್ತಿಲ್ಲದಂತೆ ಬೆರಳನ್ನು ಬಿಗಿಯಾಗಿ ಒತ್ತಲು ಶುರುಮಾಡುತ್ತಾನೆ, ಆಮೇಲೆ ವೇಗದ ಬೆರಳಾಟವೇ ಹಾಳಾಗುತ್ತದೆ. 25 ಮಿ.ಮೀ. ಟೋನ್ ಹೋಲ್‌ನಲ್ಲಿ ಒಂದು ಬದಿಗೆ 0.05 ಮಿ.ಮೀ. ಸಂದು ಬರಲು ಪ್ಯಾಡ್ ಕೇವಲ 0.11 ಡಿಗ್ರಿ ವಾಲಿದರೆ ಸಾಕು. ಅಂಟು ಆರುವಾಗ ಈ ಪ್ರಮಾಣದ ತಪ್ಪು ಆಗದಂತೆ ನೋಡಿಕೊಳ್ಳುವುದು ಪಳಗಿದ ಕೈಗೂ ಸುಲಭವಲ್ಲ.

ಪ್ಯಾಡ್ ಒಂಚೂರು ದಪ್ಪ ಆದ್ರೆ ಮುಂದುಗಡೆ ಯಾಕೆ ಲೀಕ್ ಬರುತ್ತೆ?

ಕೀ ಕಪ್ ನೇರವಾಗಿ ಕೆಳಗಿಳಿಯುವುದಿಲ್ಲ, ರಾಡ್‌ನ ಸುತ್ತ ಕಮಾನಿನಂತೆ ತಿರುಗಿ ಇಳಿಯುತ್ತದೆ. ರಾಡ್‌ನಿಂದ ಟೋನ್ ಹೋಲ್‌ನ ನಡುವಿಗೆ 20 ಮಿ.ಮೀ. ಎಂದಿಟ್ಟುಕೊಳ್ಳಿ. ಆಗ ಹಿಂದಂಚು ರಾಡ್‌ನಿಂದ 7.5 ಮಿ.ಮೀ., ಮುಂದಂಚು 32.5 ಮಿ.ಮೀ. ದೂರ. ಪ್ಯಾಡ್ 0.2 ಮಿ.ಮೀ. ಹೆಚ್ಚು ದಪ್ಪವಿದ್ದರೆ ಹಿಂದಂಚು ಬೇಗ ತಾಗಿ ಕಪ್ ಸುಮಾರು ಒಂದೂವರೆ ಡಿಗ್ರಿ ಮೊದಲೇ ನಿಂತುಬಿಡುತ್ತದೆ. ಫೆಲ್ಟ್ ಒತ್ತಿಕೊಳ್ಳುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಮುಂದುಗಡೆ ಉಳಿಯುವ ಸಂದು 0.67 ಮಿ.ಮೀ. ಅಂದರೆ ದಪ್ಪದ ತಪ್ಪು ಮುಂದಂಚಿನಲ್ಲಿ ಮೂರು ಪಟ್ಟಿಗೂ ಮಿಕ್ಕಿ ಕಾಣಿಸಿಕೊಳ್ಳುತ್ತದೆ. ಪ್ಯಾಡ್ ತೆಳುವಾದರೆ ಇದರ ತದ್ವಿರುದ್ಧ: ಮುಂದೆ ತಾಗುತ್ತದೆ, ಹಿಂದೆ ತೆರೆದಿರುತ್ತದೆ.

ಅದೇ ತಪ್ಪು ನಡುವಿನ ಉಬ್ಬಿನ ಮೇಲೆ ಕೂತ ಬಿಲ್ಲೆಯಲ್ಲಿ ಆದರೆ ಬಿಲ್ಲೆ 0.57 ಡಿಗ್ರಿ ವಾಲಿ ಸರಿದೂಗಿಸಿಕೊಳ್ಳುತ್ತದೆ. ಈ ವಿನ್ಯಾಸದ ಪ್ರಯೋಜನವೆಲ್ಲ ಇಷ್ಟರಲ್ಲೇ ಇದೆ.

ಇದನ್ನ ಹಾಕಿಸಿದ್ರೆ ಎಲ್ಲ ಲೀಕೂ ಹೋಗುತ್ತಾ?

ಇಲ್ಲ. ಇದು ಕೋನದ ತಪ್ಪೊಂದನ್ನೇ ಸರಿಪಡಿಸುತ್ತದೆ. ಟೋನ್ ಹೋಲ್‌ನ ಅಂಚು ಅಲೆಅಲೆಯಾಗಿದ್ದರೆ ಗಟ್ಟಿ ಬಿಲ್ಲೆ ಅದನ್ನು ಮುಚ್ಚಲಾರದು. ಮೆತ್ತನೆಯ ಮಾಮೂಲಿ ಪ್ಯಾಡ್ ಅಂಥ ಅಂಚಿಗೆ ಸ್ವಲ್ಪವಾದರೂ ಹೊಂದಿಕೊಳ್ಳುತ್ತದೆ. ರಾಡ್ ಲೂಸಾಗಿದ್ದರೆ ಪ್ರತಿ ಸಲ ಮುಚ್ಚಿದಾಗಲೂ ಕಪ್ ಬೇರೆ ಜಾಗಕ್ಕೆ ಇಳಿಯುತ್ತದೆ, ಚರ್ಮದಲ್ಲಿ ಮೂಡಿದ ಗುರುತಿನ ಮೇಲೆ ಅಂಚು ಕೂರುವುದಿಲ್ಲ. ಜೋಡಿ ಕೀಗಳ (ಒಂದನ್ನು ಒತ್ತಿದರೆ ಒಟ್ಟಿಗೆ ಮುಚ್ಚುವ ಕೀಗಳ) ಹೊಂದಾಣಿಕೆಯಂತೂ ಪೂರ್ತಿ ಬೇರೆಯೇ ಕೆಲಸ. ವಾದ್ಯದ ದೇಹ ಸರಿಯಿಲ್ಲದೆ ಈ ಪ್ಯಾಡ್ ಹಾಕಿಸುವುದು ದುಡ್ಡು ದಂಡ ಎಂದೇ ನಾವು ಹೇಳುತ್ತೇವೆ.

ಅಂಟಿಲ್ಲದ ಪ್ಯಾಡ್ ಹಿಂದೆಯೂ ಇತ್ತಲ್ವಾ?

ಇತ್ತು. ಅಡಾಲ್ಫ್ ಸಾಕ್ಸ್ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದದ್ದು 1846ರಲ್ಲಿ. ಅಂದಿನಿಂದ ಪ್ಯಾಡ್ ಕೂರಿಸುವ ವಿಧಾನಗಳು ಹಲವು ಬಂದಿವೆ. ಬ್ಯೂಶರ್ ಕಂಪನಿಯ ಹಳೆಯ ವಾದ್ಯಗಳಲ್ಲಿ ಕಪ್‌ನ ನಡುವೆ ಒಂದು ಗೂಟವಿದ್ದು, ರೆಸೊನೇಟರ್ ಅದಕ್ಕೆ ಟಿಕ್ ಎಂದು ಸಿಕ್ಕಿಕೊಂಡು ಪ್ಯಾಡನ್ನು ಹಿಡಿಯುತ್ತಿತ್ತು. ಕಾನ್ ಕಂಪನಿಯ ರೆಸೊ-ಪ್ಯಾಡ್‌ನ ಅಂಚಿನೊಳಗೆ ಲೋಹದ ಉಂಗುರವಿತ್ತು. ಇವು ವಾಲುವ ಪ್ಯಾಡ್‌ಗಳಲ್ಲ, ಆದರೆ ನಡುವಿನಿಂದ ಹಿಡಿಯುವುದು ಮತ್ತು ಗಟ್ಟಿ ಅಂಚು ಎಂಬ ಎರಡು ಆಲೋಚನೆಗಳೂ ಅಲ್ಲಿವೆ. ಹಳೆಯ ಬ್ಯೂಶರ್ ಕೈಗೆ ಸಿಕ್ಕರೆ ಆ ಗೂಟಗಳನ್ನು ದಯವಿಟ್ಟು ಉಜ್ಜಿ ತೆಗೆಯಬೇಡಿ.

## ವಿನ್ಯಾಸ

ಯಾವ ಯಾವ ಪದರ, ಎಷ್ಟೆಷ್ಟು ದಪ್ಪ ಇರಬೇಕು?

ಕಪ್‌ನ ಒಳಗಿನಿಂದ ಹೊರಕ್ಕೆ ಹೀಗೆ ಬರುತ್ತದೆ: ಶೆಲ್ಯಾಕ್ 0.3, ಹಿತ್ತಾಳೆಯ ತಳತಟ್ಟೆ 0.6, ವಾಲಲು ಬಿಟ್ಟ ಸಂದು 0.4, ಬಿಲ್ಲೆ 1.0, ಫೆಲ್ಟ್ 1.6, ಚರ್ಮ 0.4. ಒಟ್ಟು 4.3 ಮಿ.ಮೀ. ಸಾಮಾನ್ಯ ಪ್ಯಾಡ್‌ಗಳ ದಪ್ಪ ಬಹುಮಟ್ಟಿಗೆ 4 ರಿಂದ 4.8 ಮಿ.ಮೀ. ನಡುವೆ ಇರುವುದರಿಂದ ಇದು ಹೆಚ್ಚಿನ ಕಪ್‌ಗಳಿಗೆ ಹೊಂದುತ್ತದೆ. ಆದರೂ ಸರಿಯಾಗಿ ಮುಚ್ಚುತ್ತಿದ್ದ ಹಳೆಯ ಪ್ಯಾಡ್ ಸಿಕ್ಕರೆ ಮೊದಲು ಅದನ್ನು ಅಳೆಯಿರಿ. ಹೊಂದಿಸಬೇಕಾಗಿ ಬಂದರೆ ಫೆಲ್ಟ್ ಅಥವಾ ತಳತಟ್ಟೆಯ ದಪ್ಪ ಬದಲಿಸಿ, ಸಂದನ್ನು ಮುಟ್ಟಬೇಡಿ.

ತಳತಟ್ಟೆಯ ನಡುವೆ 0.8 ಮಿ.ಮೀ. ಎತ್ತರದ, 3 ಮಿ.ಮೀ. ತ್ರಿಜ್ಯದ ದುಂಡುಬ್ಬು. ಅದರ ನಡುವೆ ಎಂ2 (2 ಮಿ.ಮೀ. ವ್ಯಾಸದ) ಸ್ಕ್ರೂಗೆ ಮರೆ (ಥ್ರೆಡ್) ಕೊರೆದ ತೂತು. ಬಿಲ್ಲೆಯ ಹಿಂಬದಿಯಲ್ಲಿ ಆ ಉಬ್ಬು ಕೂರಲು 0.4 ಮಿ.ಮೀ. ಆಳದ ಶಂಕುವಿನಾಕಾರದ ತಗ್ಗು. ಸ್ಕ್ರೂ ಹಾಯುವ ತೂತು ಬಿಲ್ಲೆಯಲ್ಲಿ 2.4 ಮಿ.ಮೀ. ಇರಲಿ. ಅದು ಬಿಗಿಯಾದರೆ ಬಿಲ್ಲೆ ವಾಲುವ ಬದಲು ಸ್ಕ್ರೂಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಬಿಲ್ಲೆಯ ವ್ಯಾಸ, ಚರ್ಮ ಸುತ್ತಿದ ಮೇಲೆ, ಕಪ್‌ನ ಒಳವ್ಯಾಸಕ್ಕಿಂತ 0.5 ಮಿ.ಮೀ. ಕಡಿಮೆ. ಮಾಮೂಲಿ ಪ್ಯಾಡ್‌ನಂತೆ ಬಿಗಿಯಾಗಿ ತುರುಕಿದರೆ ಕಪ್‌ನ ಗೋಡೆಯೇ ಅದನ್ನು ಹಿಡಿದಿಡುತ್ತದೆ, ವಾಲುವ ಮಾತೇ ಇರುವುದಿಲ್ಲ.

ಎಷ್ಟು ಡಿಗ್ರಿ ವಾಲಬೇಕು? ಜಾಸ್ತಿ ಇದ್ದಷ್ಟೂ ಒಳ್ಳೇದಲ್ವಾ?

ಎಲ್ಲ ದಿಕ್ಕಿಗೂ 1 ಡಿಗ್ರಿ ಸಾಕು. 28 ಮಿ.ಮೀ. ಪ್ಯಾಡ್‌ನ ಅಂಚು ಆಗ ಸುಮಾರು 0.24 ಮಿ.ಮೀ. ಏರಿಳಿಯುತ್ತದೆ, 0.4 ಮಿ.ಮೀ. ಸಂದಿನಲ್ಲಿ ಅದಕ್ಕೆ ಜಾಗವಿದೆ. ಒಂದೂವರೆ ಡಿಗ್ರಿ ದಾಟಿದರೆ ಕೀ ತೆರೆದಿದ್ದಾಗ ಬಿಲ್ಲೆ ಜೋತುಬೀಳುತ್ತದೆ, ಅಂಚು ಕಪ್‌ನ ಗೋಡೆಗೆ ಉಜ್ಜುತ್ತದೆ, ಮುಚ್ಚುವಾಗ ಒಂದು ಬದಿ ಮೊದಲು ಬಡಿದು ಶಬ್ದ ಬರುತ್ತದೆ. 1 ಡಿಗ್ರಿ ಸಾಲದ ಕಪ್ ಬಾಗಿರುವ ಕಪ್. ಅದನ್ನು ಬಗ್ಗಿಸಿ ನೇರ ಮಾಡಬೇಕೇ ಹೊರತು ಪ್ಯಾಡ್‌ಗೆ ಇನ್ನಷ್ಟು ಸಡಿಲ ಕೊಡಬಾರದು.

ಬಿಲ್ಲೆ ಹಿಂದೆ ಫೋಮ್ ಹಾಕಿದ್ರೆ ಕೀ ಮೆತ್ತಗಾಗಲ್ವಾ?

ತಪ್ಪಾಗಿ ಹಾಕಿದರೆ ಖಂಡಿತ ಆಗುತ್ತದೆ. ಹೆಚ್ಚಿನ ಮನೆತಯಾರಿ ಪ್ಯಾಡ್‌ಗಳು ಸೋಲುವುದೇ ಇಲ್ಲಿ. ಬೆರಳಿನ ಬಲವನ್ನು ಹೊರಬೇಕಾದದ್ದು ನಡುವಿನ ಉಬ್ಬು, ಲೋಹದ ಮೇಲೆ ಲೋಹ. ಫೋಮ್ ಉಂಗುರದ ಕೆಲಸ ಕೀ ತೆರೆದಿದ್ದಾಗ ಬಿಲ್ಲೆಯನ್ನು ನೇರವಾಗಿ ಹಿಡಿದು ಗಲಗಲ ಅನ್ನದಂತೆ ನೋಡಿಕೊಳ್ಳುವುದು, ಅಷ್ಟೇ. ಬಿಲ್ಲೆಯ ತೂಕಕ್ಕಿಂತ ಹೆಚ್ಚಿನದನ್ನು ಅದು ಹೊರಬೇಕಿಲ್ಲ.

16 ಮಿ.ಮೀ. ವ್ಯಾಸದ, 3 ಮಿ.ಮೀ. ಅಗಲದ, 0.8 ಮಿ.ಮೀ. ದಪ್ಪದ ತುಂಬ ಮೆತ್ತನೆಯ ಸಿಲಿಕೋನ್ ಫೋಮ್ ಉಂಗುರವನ್ನು 0.4 ಮಿ.ಮೀ. ಸಂದಿನಲ್ಲಿಟ್ಟರೆ ಅದು ಅರ್ಧಕ್ಕೆ ಒತ್ತಿಕೊಂಡು ಕೂರುತ್ತದೆ. ರಬ್ಬರ್ ಹಾಳೆ ಅಥವಾ ಬಿಗಿ ಫೋಮ್ ಹಾಕಿದರೆ ಬಿಲ್ಲೆ ಉಬ್ಬನ್ನು ಬಿಟ್ಟು ಫೋಮ್ ಮೇಲೆ ತೇಲುತ್ತದೆ. ಪರೀಕ್ಷೆ ಸುಲಭ: ಕೀಯನ್ನು ಹಗುರವಾಗಿ ಮುಚ್ಚಿ, ಆಮೇಲೆ ಗಟ್ಟಿಯಾಗಿ ಒತ್ತಿ. ಕಪ್ ಇನ್ನೂ ಕೆಳಗಿಳಿಯುವುದು ಕಣ್ಣಿಗೆ ಕಂಡರೆ ಫೋಮ್ ಬಿಗಿಯಾಗಿದೆ ಎಂದರ್ಥ.

ಸ್ಪ್ರಿಂಗ್ ಬಲದಿಂದಲೇ ಮುಚ್ಚಿರುವ ಜಿ ಶಾರ್ಪ್, ಕೆಳಗಿನ ಇ ಫ್ಲ್ಯಾಟ್, ಪಾಮ್ ಕೀ (ಅಂಗೈಯಿಂದ ಒತ್ತುವವು), ಸೈಡ್ ಕೀಗಳಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಬಿಲ್ಲೆಯನ್ನು ವಾಲಿಸಲು ಇರುವುದು ಸ್ಪ್ರಿಂಗ್ ಬಲ ಮಾತ್ರ. ಫೋಮ್ ಎದುರು ನಿಂತರೆ ಬಿಲ್ಲೆ ವಾಲದೆ ಒಂದು ಬದಿ ತೆರೆದೇ ಉಳಿಯುತ್ತದೆ.

ಬಿಲ್ಲೆಗೆ ಹಿತ್ತಾಳೆ, ಅಲ್ಯೂಮಿನಿಯಂ, ಪ್ಲಾಸ್ಟಿಕ್, ಯಾವುದು ಒಳ್ಳೇದು?

27.5 ಮಿ.ಮೀ. ವ್ಯಾಸ, 1 ಮಿ.ಮೀ. ದಪ್ಪದ ಬಿಲ್ಲೆ ಹಿತ್ತಾಳೆಯದಾದರೆ ಸುಮಾರು 5 ಗ್ರಾಂ, ಅಲ್ಯೂಮಿನಿಯಂ 1.6, ಫೈಬರ್‌ಗ್ಲಾಸ್ ಹಾಳೆ 1.1, ಅಸಿಟಾಲ್ ಪ್ಲಾಸ್ಟಿಕ್ 0.8 ಗ್ರಾಂ. ಕಪ್‌ನ ತುದಿಯಲ್ಲಿ 5 ಗ್ರಾಂ ಹೆಚ್ಚಿದರೆ ಸ್ಪ್ರಿಂಗ್ ಬಿಗಿ ಮಾಡಬೇಕು, ಬೆರಳಿಗೆ ಭಾರ ತಿಳಿಯುತ್ತದೆ, ಹಾಗಾಗಿ ಹಿತ್ತಾಳೆ ಬೇಡ. ಅಸಿಟಾಲ್‌ಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಚರ್ಮ ಕಳಚುತ್ತದೆ. ನಮ್ಮ ಆಯ್ಕೆ ಅಲ್ಯೂಮಿನಿಯಂ, ಆದರೆ ಆನೊಡೈಸ್ ಮಾಡಿದ್ದೇ (ಮೇಲ್ಮೈಗೆ ರಕ್ಷಣೆಯ ಆಕ್ಸೈಡ್ ಪದರ ಬರಿಸಿದ್ದು) ಆಗಬೇಕು. ಬರೀ ಅಲ್ಯೂಮಿನಿಯಂ ಹಿತ್ತಾಳೆಯ ಉಬ್ಬಿಗೆ ತಾಗುತ್ತಾ, ಊದಿದ ತೇವದಲ್ಲಿ ಇರುತ್ತಾ ಹೋದರೆ ಬಿಳಿ ಪುಡಿ ಕಟ್ಟಿ ವಾಲುವುದನ್ನೇ ನಿಲ್ಲಿಸುತ್ತದೆ. ಫೈಬರ್‌ಗ್ಲಾಸ್‌ಗೆ ಈ ಕಾಟವಿಲ್ಲ. ಉಬ್ಬು ಕೂರುವ ತಗ್ಗು ಮಾತ್ರ ಬೇಗ ಸವೆಯುತ್ತದೆ.

ನಡುವೆ ಸ್ಕ್ರೂ ತೂತು ಇದೆಯಲ್ಲ, ಅದರಿಂದಲೇ ಗಾಳಿ ಹೋಗಲ್ವಾ?

ಹೋಗುತ್ತದೆ, ಮತ್ತು ಹುಡುಕಲು ಬಲು ಕಷ್ಟದ ಲೀಕ್ ಇದೇ. ಅಂಚಿನ ಸುತ್ತ ಎಲ್ಲ ಸರಿಯಾಗಿ ಮುಚ್ಚಿರುತ್ತದೆ, ಲೀಕ್ ಲೈಟ್‌ನಲ್ಲಿ (ಸಂದು ಹುಡುಕಲು ವಾದ್ಯದೊಳಗೆ ಇಳಿಸುವ ದೀಪ) ಏನೂ ಕಾಣುವುದಿಲ್ಲ, ಆದರೂ ಸ್ವರ ಬರುವುದಿಲ್ಲ. ಗಾಳಿ ಸ್ಕ್ರೂ ಪಕ್ಕದಿಂದ ಬಿಲ್ಲೆಯ ಹಿಂದಕ್ಕೆ ನುಗ್ಗಿ ಕಪ್‌ನ ಅಂಚಿನಿಂದ ಹೊರಬೀಳುತ್ತಿರುತ್ತದೆ. ಸ್ಕ್ರೂ ತಲೆಯ ಕೆಳಗೆ ಮೆತ್ತನೆಯ ಸಿಲಿಕೋನ್ ಓ-ರಿಂಗ್ ಬೇಕೇ ಬೇಕು.

ಸ್ಕ್ರೂ ಬಿಗಿಸುವ ಅಳತೆ ಹೀಗೆ: ತಲೆ ಓ-ರಿಂಗಿಗೆ ತಾಗುವವರೆಗೆ ತಿರುಗಿಸಿ, ಆಮೇಲೆ ಕಾಲು ಸುತ್ತು. ಎಂ2 ಮರೆಯ ಅಂತರ 0.4 ಮಿ.ಮೀ. ಆದ್ದರಿಂದ ಕಾಲು ಸುತ್ತು ಎಂದರೆ 0.1 ಮಿ.ಮೀ. ಒತ್ತು. ಅರ್ಧ ಸುತ್ತು ಹಾಕಿದರೆ ಬಿಲ್ಲೆ ಜಡವಾಗುತ್ತದೆ. ಸ್ಕ್ರೂ ತಾನೇ ಬಿಚ್ಚಿಕೊಳ್ಳದಂತೆ ಮರೆಗೆ ಸೌಮ್ಯ ದರ್ಜೆಯ ಥ್ರೆಡ್ ಲಾಕರ್ ಒಂದು ಹನಿ. ಪ್ಯಾಡನ್ನು ವಾದ್ಯಕ್ಕೆ ಹಾಕುವ ಮೊದಲೇ ಪರೀಕ್ಷಿಸಿ: ತೆಳು ಪೈಪೊಂದರ ತುದಿಯನ್ನು ರೆಸೊನೇಟರ್ ಮೇಲೆ ಗಾಳಿ ಹೋಗದಂತೆ ಒತ್ತಿ ಬಾಯಿಂದ ಹೀರಿ, ನಾಲಿಗೆಯಿಂದ ಪೈಪ್ ಮುಚ್ಚಿ. ಹೀರಿದ ಬಿಗಿ ಹಾಗೇ ನಿಂತರೆ ಸರಿ.

ಬಿಲ್ಲೆ ಸುಮ್ಮನೆ ಸುತ್ತ ತಿರುಗಿದ್ರೆ ಏನಾಗುತ್ತೆ?

ಬಳಸುತ್ತಾ ಹೋದಂತೆ ಚರ್ಮದಲ್ಲಿ ಟೋನ್ ಹೋಲ್‌ನ ಗುರುತು ಮೂಡುತ್ತದೆ. ಆ ಗುರುತು ಕಪ್‌ನ ನಟ್ಟನಡುವೆ ಇರುವುದು ಅಪರೂಪ. ಬಿಲ್ಲೆ ತಿರುಗಿದರೆ ಹಳೆಯ ಗುರುತು ಅಂಚನ್ನು ಅಡ್ಡ ಹಾಯ್ದು ಎರಡು ಕಡೆ ಲೀಕ್ ಮಾಡುತ್ತದೆ. ಆದ್ದರಿಂದ ಬಿಲ್ಲೆಯ ಹಿಂಬದಿಯಲ್ಲಿ 1.5 ಮಿ.ಮೀ. ಅಗಲದ ಒಂದು ಕಚ್ಚು, ತಳತಟ್ಟೆಯಲ್ಲಿ ಅದಕ್ಕೆ ಹೊಂದುವ 1 ಮಿ.ಮೀ. ಪಿನ್ ಇರಲಿ. ಪಿನ್ ರಾಡ್‌ನ ಕಡೆಗೇ ಇರಲಿ, ಚರ್ಮ ಬದಲಿಸಿ ಮತ್ತೆ ಹಾಕುವಾಗ ಗೊಂದಲವಾಗದು.

## ಜೋಡಣೆ

ಎಲ್ಲ ಕೀಗೂ ಹಾಕಬೇಕಾ?

ಬೇಡ. ಆಲ್ಟೊ ಸ್ಯಾಕ್ಸೊಫೋನ್‌ನಲ್ಲಿ ಸುಮಾರು 25 ಪ್ಯಾಡ್‌ಗಳಿದ್ದರೆ 15 ಮಿ.ಮೀ. ವ್ಯಾಸಕ್ಕಿಂತ ಚಿಕ್ಕವಕ್ಕೆ, ಮುಖ್ಯವಾಗಿ ಆಕ್ಟೇವ್ ಪ್ಯಾಡ್‌ಗಳಿಗೆ, ಕಾರ್ಕ್ ಅಥವಾ ಮಾಮೂಲಿ ಪ್ಯಾಡ್ ಸಾಕು. ಅಷ್ಟು ಚಿಕ್ಕ ಬಿಲ್ಲೆಯಲ್ಲಿ ಉಬ್ಬು, ಸ್ಕ್ರೂ, ಓ-ರಿಂಗ್ ಎಲ್ಲ ಸೇರಿಸಲು ಜಾಗವೇ ಇಲ್ಲ. ಹೆಚ್ಚು ಲಾಭ ಕಾಣುವುದು ಬೆಲ್‌ನ (ವಾದ್ಯದ ಅಗಲವಾದ ಬಾಯಿಯ) ಕೆಳಗಿನ ಬಿ ಮತ್ತು ಬಿ ಫ್ಲ್ಯಾಟ್, ಕೆಳಗಿನ ಸಿ ಕೀಗಳಲ್ಲಿ. ಕಪ್ ದೊಡ್ಡದು, ತೋಳು ಉದ್ದ, ವಾದ್ಯಕ್ಕೆ ಸಣ್ಣ ಪೆಟ್ಟು ಬಿದ್ದರೂ ಮೊದಲು ಸರಿಯುವುದು ಇವೇ.

ಟೋನ್ ಹೋಲ್ ಮಟ್ಟವಾಗಿದೆಯಾ ಅಂತ ಹೇಗೆ ನೋಡೋದು?

ವಾದ್ಯದೊಳಗೆ ಲೈಟ್ ಇಳಿಸಿ, ಕತ್ತಲೆ ಕೋಣೆಯಲ್ಲಿ, ಟೋನ್ ಹೋಲ್ ಮೇಲೆ ನಿಜಕ್ಕೂ ಸಮತಟ್ಟಾದ ಉಕ್ಕಿನ ಬಿಲ್ಲೆ ಇಟ್ಟು ಸುತ್ತಲೂ ನೋಡಿ. ಬೆಳಕು ನುಸುಳುವ ಕಡೆಯಲ್ಲೆಲ್ಲ ಅಂಚು ತಗ್ಗಾಗಿದೆ. ತಗ್ಗಿದ ಕಡೆಯನ್ನು ಮೊದಲು ಒಳಗಿನಿಂದ ಮೇಲೆತ್ತಬೇಕು, ಆಮೇಲಷ್ಟೇ ಟೋನ್ ಹೋಲ್ ಅರದಿಂದ ಹಗುರವಾಗಿ ಎರಡು ಮೂರು ಸುತ್ತು. ಅರದಿಂದಲೇ ಎಲ್ಲ ಸರಿಮಾಡಲು ಹೋದರೆ ಅಂಚು ಗಿಡ್ಡವಾಗುತ್ತದೆ, ಅದು ಮತ್ತೆ ಬೆಳೆಯುವುದಿಲ್ಲ. ಗಟ್ಟಿ ಬಿಲ್ಲೆಗೆ 0.02 ಮಿ.ಮೀ. ಒಳಗೆ ಮಟ್ಟ ಬೇಕು. ಅರ ಹಾಕಿದ ಮೇಲೆ ಅಂಚಿನ ಮುಳ್ಳನ್ನು ಸಣ್ಣ ಮರಳುಕಾಗದದಿಂದ ತೆಗೆಯದಿದ್ದರೆ ಚರ್ಮ ಕತ್ತರಿಸಿಹೋಗುತ್ತದೆ.

ಹಳೆಯ ಕಾನ್ ವಾದ್ಯಗಳಂತೆ ಸುರುಳಿ ಮಡಿಸಿದ ಅಂಚಿದ್ದರೆ ಅರವನ್ನು ಮುಟ್ಟಲೇಬೇಡಿ. ಅಲ್ಲಿ ಎತ್ತುವುದು, ತಗ್ಗಿಸುವುದು ಮಾತ್ರ. ಪೂರ್ತಿ ಮಟ್ಟ ಬಾರದಿದ್ದರೆ ಆ ಕೀಗೆ ಮೆತ್ತನೆಯ ಮಾಮೂಲಿ ಪ್ಯಾಡೇ ಲೇಸು.

ಹಾಕೋ ಕ್ರಮ ಹೇಳಿ.

1. ದೇಹದ ತಗ್ಗುಗಳು, ಟೋನ್ ಹೋಲ್, ರಾಡ್ ಮತ್ತು ಪಿವಟ್ ಸ್ಕ್ರೂಗಳ ಲೂಸು, ಕಪ್‌ನ ನೇರ: ಇದೇ ಕ್ರಮದಲ್ಲಿ ಎಲ್ಲ ಮುಗಿಸಿ. ಕಪ್ ಟೋನ್ ಹೋಲ್‌ನ ನೇರ ಮೇಲೆ ಬರಬೇಕು.
2. ಹಳೆಯ ಪ್ಯಾಡ್ ತೆಗೆದು ಕಪ್‌ನೊಳಗಿನ ಅಂಟನ್ನು ಪೂರ್ತಿ ಕೆರೆದು ಸ್ಪಿರಿಟ್‌ನಿಂದ ಒರೆಸಿ. ಸ್ಪಿರಿಟ್ ಕೀಯ ಹೊರಗಿನ ಮೆರುಗಿಗೆ ತಾಗದಿರಲಿ.
3. ತಳತಟ್ಟೆಯ ಹಿಂಬದಿಗೆ ಕರಗಿದ ಶೆಲ್ಯಾಕ್ ತೆಳುವಾಗಿ ಹಚ್ಚಿ, ಕಪ್ ಬೆಚ್ಚಗೆ ಮಾಡಿ ಕೂರಿಸಿ. ಮುತ್ತಿನ ಗುಂಡಿ ಇರುವ ಕೀಗೆ ಜ್ವಾಲೆ ಬೇಡ, ಬಿಸಿಗಾಳಿ ಬಳಸಿ.
4. ತಟ್ಟೆಯ ಉಬ್ಬು ಕಪ್‌ನ ನಡುವೆಯೇ ಬರುವಂತೆ, ಸುತ್ತ ಮೂರು ಕಡೆ ಒಂದೇ ದಪ್ಪದ ಕಾಗದದ ತುಂಡು ಸಿಕ್ಕಿಸಿ ಆರಲು ಬಿಡಿ. ನಡು ತಪ್ಪಬಾರದು. ಕೋನ ತುಸು ತಪ್ಪಿದರೆ ಬಿಲ್ಲೆ ನೋಡಿಕೊಳ್ಳುತ್ತದೆ.
5. ಫೋಮ್ ಉಂಗುರ, ಬಿಲ್ಲೆ, ರೆಸೊನೇಟರ್, ಓ-ರಿಂಗ್, ಸ್ಕ್ರೂ. ಹೀರಿ ನೋಡುವ ಪರೀಕ್ಷೆ. ಆಮೇಲೆ ಕೀ ವಾದ್ಯಕ್ಕೆ.

ಈಗ ಕೀಯನ್ನು ಹಗುರವಾಗಿ ಮುಚ್ಚಿ ಪಕ್ಕದಿಂದ ನೋಡಿ. ಬಿಲ್ಲೆ ರಾಡ್‌ನ ಕಡೆ ಕಪ್‌ನೊಳಗೆ ಹೂತುಹೋಗಿ ಮುಂದುಗಡೆ ಹೊರಚಾಚಿದ್ದರೆ ಒಟ್ಟು ದಪ್ಪ ಹೆಚ್ಚಾಗಿದೆ, ಶೆಲ್ಯಾಕ್ ಕಡಿಮೆ ಮಾಡಿ. ಮುಂದೆ ಹೂತು ಹಿಂದೆ ಚಾಚಿದ್ದರೆ ತಳತಟ್ಟೆಯ ಕೆಳಗೆ 0.1 ಅಥವಾ 0.2 ಮಿ.ಮೀ. ಹಾಳೆ ಸೇರಿಸಿ. ಮುಚ್ಚುತ್ತಿದೆಯಲ್ಲ ಎಂದು ಇದನ್ನು ಬಿಟ್ಟುಬಿಡಬೇಡಿ. ವಾಲುವ ಜಾಗವೆಲ್ಲ ದಪ್ಪದ ತಪ್ಪಿಗೇ ಖರ್ಚಾದರೆ ಮುಂದೆ ಫೆಲ್ಟ್ ಉಬ್ಬಿದಾಗ ಏನೂ ಉಳಿದಿರುವುದಿಲ್ಲ.

ಶೆಲ್ಯಾಕ್ ಬದಲು ಸೂಪರ್ ಗ್ಲೂ ಹಾಕಬಹುದಾ?

ಬೇಡ. ಬಿಚ್ಚಲು ಬರುವುದಿಲ್ಲ, ದಪ್ಪ ಹೊಂದಿಸಲೂ ಆಗುವುದಿಲ್ಲ.

## ತೊಂದರೆಗಳು

ಫೀಲರ್ ಹಾಕಿದ್ರೆ ಒಂದು ಕಡೆ ಸಡಿಲ ಸಿಗ್ತಿದೆ. ತಪ್ಪು ಪ್ಯಾಡಿಂದಾ, ಟೋನ್ ಹೋಲಿಂದಾ?

ಮೊದಲು ಫೀಲರ್ (ಪ್ಯಾಡ್ ಕೆಳಗಿಟ್ಟು ಎಳೆದು ಬಿಗಿ ನೋಡುವ ಪಟ್ಟಿ) ಸರಿಯಿದೆಯೇ ನೋಡಿ. 3 ಮಿ.ಮೀ. ಅಗಲ, 0.03 ಮಿ.ಮೀ. ಗಿಂತ ದಪ್ಪವಲ್ಲದ ಪ್ಲಾಸ್ಟಿಕ್ ಪಟ್ಟಿ ಇರಲಿ. ಕೀಯನ್ನು ತನ್ನ ಭಾರಕ್ಕಿಂತ ತುಸುವೇ ಹೆಚ್ಚು ಬಲದಿಂದ ಮುಚ್ಚಿ ಎಂಟು ಕಡೆ ಎಳೆದು ನೋಡಿ. ಬಲವಾಗಿ ಒತ್ತಿದರೆ ಎಲ್ಲ ಕಡೆಯೂ ಬಿಗಿಯಾಗಿಯೇ ತೋರುತ್ತದೆ.

ಸಡಿಲದ ಜಾಗ ಗುರುತು ಮಾಡಿಕೊಂಡು, ಪಿನ್ ತಾತ್ಕಾಲಿಕವಾಗಿ ತೆಗೆದು ಬಿಲ್ಲೆಯನ್ನು 90 ಡಿಗ್ರಿ ತಿರುಗಿಸಿ ಮತ್ತೆ ನೋಡಿ. ಸಡಿಲದ ಜಾಗ ಬಿಲ್ಲೆಯ ಜೊತೆ ತಿರುಗಿದರೆ ತಪ್ಪು ಫೆಲ್ಟ್ ಅಥವಾ ಚರ್ಮದ್ದು, ಸಾಮಾನ್ಯವಾಗಿ ಚರ್ಮದ ಸುಕ್ಕು. ಅಲ್ಲೇ ನಿಂತರೆ ಟೋನ್ ಹೋಲ್‌ನದು. ಪ್ರತಿ ಸಲ ಬೇರೆ ಬೇರೆ ಕಡೆ ಸಡಿಲ ಸಿಕ್ಕರೆ ಬಿಲ್ಲೆ ಸರಾಗವಾಗಿ ವಾಲುತ್ತಿಲ್ಲ: ಓ-ರಿಂಗ್ ಬಿಗಿ, ಫೋಮ್ ಬಿಗಿ, ಅಥವಾ ಚರ್ಮದ ಮಡಿಕೆ ಕಪ್‌ನ ಗೋಡೆಗೆ ತಾಗುತ್ತಿದೆ. ಹೊಸ ಚರ್ಮದ ಮೇಲೆ ಇನ್ನೂ ಗುರುತು ಮೂಡದಿರುವಾಗಲೇ ಈ ಪರೀಕ್ಷೆ ಮಾಡಿ.

ಎಫ್ ಕೀ ಒತ್ತಿದ್ರೆ ಎಫ್ ಶಾರ್ಪ್ ಪ್ಯಾಡ್ ಸರಿಯಾಗಿ ಮುಚ್ಚಲ್ಲ. ಹೊಸ ಪ್ಯಾಡ್ ಹಾಕಿದ ಮೇಲೇ ಹೀಗೆ ಯಾಕೆ?

ಕೆಳಗಿನ ಸ್ಟ್ಯಾಕ್‌ನಲ್ಲಿ (ಬಲಗೈ ಕೀಗಳ ಸಾಲಿನಲ್ಲಿ) ಎಫ್, ಇ, ಡಿ ಯಾವುದನ್ನು ಒತ್ತಿದರೂ ಎಫ್ ಶಾರ್ಪ್ ಕೀ ಅದರ ಜೊತೆಗೇ ಮುಚ್ಚಬೇಕು. ಮೆತ್ತನೆಯ ಪ್ಯಾಡ್‌ನಲ್ಲಿ ಒಂದು ಬೇಗ ತಾಗಿದರೂ ಫೆಲ್ಟ್ ಒತ್ತಿಕೊಂಡು ಇನ್ನೊಂದಕ್ಕೆ ಅವಕಾಶ ಕೊಡುತ್ತಿತ್ತು. ಗಟ್ಟಿ ಬಿಲ್ಲೆ ಕೊಡುವುದಿಲ್ಲ, ಅಷ್ಟು ದಿನ ಮುಚ್ಚಿಹೋಗಿದ್ದ ತಪ್ಪು ಬಯಲಾಗುತ್ತದೆ. ಎರಡೂ ಪ್ಯಾಡ್‌ಗಳ ಕೆಳಗೆ ಒಂದೊಂದು ಫೀಲರ್ ಇಟ್ಟು ಎಫ್ ಒತ್ತಿ, ಎರಡರಲ್ಲೂ ಒಂದೇ ಬಿಗಿ ಬರುವವರೆಗೆ ಹೊಂದಿಸುವ ಸ್ಕ್ರೂ ಅಥವಾ ಕಾರ್ಕ್ ಸರಿಮಾಡಿ. ಮೆತ್ತನೆಯ ಕಾರ್ಕ್ ಈಗ ಇರುವುದಾದರೆ ತೆಗೆದು ತೆಳುವಾದ ಗಟ್ಟಿ ಕಾರ್ಕ್ ಹಾಕಿ, ಇಲ್ಲದಿದ್ದರೆ ಹೊಂದಾಣಿಕೆ ನಿಲ್ಲುವುದಿಲ್ಲ.

ಹೊಸ ಪ್ಯಾಡ್ ಹಾಕಿದ ಮೇಲೆ ಶ್ರುತಿ ಬದಲಾಗಿದೆ ಅನ್ನಿಸ್ತಿದೆ.

ಕೀ ತೆರೆಯುವ ಎತ್ತರ ಬದಲಾಗಿರುತ್ತದೆ. ಒಟ್ಟು ದಪ್ಪ ಹೆಚ್ಚಾದರೆ ಪ್ಯಾಡ್ ಟೋನ್ ಹೋಲ್‌ಗೆ ಹತ್ತಿರ ನಿಂತು ಸ್ವರ ತಗ್ಗುತ್ತದೆ, ಮಂಕಾಗುತ್ತದೆ. ಹಳೆಯ ಪ್ಯಾಡ್ ತೆಗೆಯುವ ಮೊದಲೇ ಪ್ರತಿ ಕೀಯ ಎತ್ತರ ಬರೆದಿಟ್ಟುಕೊಂಡು, ಕೀ ಕಾಲಿನ ಕೆಳಗಿನ ಕಾರ್ಕ್ ಅಥವಾ ಫೆಲ್ಟ್ ಬದಲಿಸಿ ಅದೇ ಎತ್ತರಕ್ಕೆ ತನ್ನಿ. ರೆಸೊನೇಟರ್ ಗಾತ್ರವನ್ನೂ ನೋಡಿ. ಟೋನ್ ಹೋಲ್ ವ್ಯಾಸಕ್ಕಿಂತ 4 ರಿಂದ 6 ಮಿ.ಮೀ. ಚಿಕ್ಕದಿದ್ದರೆ ಒಳ್ಳೆಯದು. ಅದಕ್ಕಿಂತ ದೊಡ್ಡದಾದರೆ ಬಿಲ್ಲೆ ವಾಲಿದಾಗ ಅಂಚಿಗೆ ತಾಗುವ ಭಯವಿದೆ.

ಚರ್ಮ ಹಾಳಾದ್ರೆ ಪೂರ್ತಿ ಪ್ಯಾಡ್ ಬದಲಾಯಿಸಬೇಕಾ?

ಇಲ್ಲ. ಸ್ಕ್ರೂ ಬಿಚ್ಚಿ ಬಿಲ್ಲೆ ಮಾತ್ರ ಹೊರತೆಗೆಯಿರಿ, ತಳತಟ್ಟೆ ಕಪ್‌ನಲ್ಲೇ ಇರಲಿ. ಹಳೆಯ ಚರ್ಮ, ಫೆಲ್ಟ್ ಕಿತ್ತು, ಅದೇ ದಪ್ಪದ ಫೆಲ್ಟ್ ಮೇಲೆ ಹೊಸ ಚರ್ಮವನ್ನು ಸುಕ್ಕಿಲ್ಲದಂತೆ ಎಳೆದು ಹಿಂಬದಿಗೆ ಮಡಿಸಿ ಅಂಟಿಸಿ. ಮಡಿಕೆ ಅಂಚಿನಿಂದ 3 ಮಿ.ಮೀ. ಮೀರದಿರಲಿ, ಮೀರಿದರೆ ಫೋಮ್ ಉಂಗುರದ ಮೇಲೆ ಏರುತ್ತದೆ. ಮಡಿಕೆಯ ದಪ್ಪ 0.4 ಮಿ.ಮೀ. ಸಂದನ್ನೇ ನುಂಗಿಬಿಡುತ್ತದೆ, ಆದ್ದರಿಂದ ಮಡಿಸುವ ಭಾಗವನ್ನು ಬ್ಲೇಡಿನಿಂದ ಅರ್ಧ ದಪ್ಪಕ್ಕಿಂತಲೂ ತೆಳುವಾಗಿ ಕೆರೆಯಿರಿ. ಓ-ರಿಂಗ್ ಮತ್ತು ಫೋಮ್ ಉಂಗುರ ಅಗ್ಗದ ವಸ್ತುಗಳು, ಅವನ್ನು ಪ್ರತಿ ಸಲವೂ ಹೊಸದೇ ಹಾಕಿ, ಮತ್ತೆ ಹೀರಿ ನೋಡಿ.